ನಡುವೆ ಇಡದ ಹಾಳೆ

ದಾಖಲೆ ಕಚೇರಿಯ ಬೈಂಡಿಂಗ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಎದುರಿಗೆ ಗೋಡೆ ಮೇಡಂ, ಬೆನ್ನ ಹಿಂದೆ ಬರೀ ಗೋಡೆ. ಹೊಸದಾಗಿ ಕೆಲಸಕ್ಕೆ ಸೇರಿದವರು, ಈಯಮ್ಮ ಬಾಯಿ ಬಿಡುವುದೇ ಇಲ್ಲವೇನೋ ಎಂದುಕೊಂಡು ದೂರದಲ್ಲೇ ಕೂರುತ್ತಿದ್ದರು. ಹಾಗೇನೂ ಇರಲಿಲ್ಲ. ಮಾತಿಗೆ ಕೂತರೆ ರಿಜಿಸ್ಟರಿನ ಅಂಟು ಒಣಗುವ ತನಕ ಎದ್ದವಳಲ್ಲ. ಹೆಸರು ಬಂದದ್ದು ಟೇಬಲ್ ಟೆನ್ನಿಸ್ಸಿನಿಂದ, ಇಟ್ಟವಳು ಸ್ವಂತ ಅಕ್ಕ. ಅಕ್ಕ ಇಪ್ಪತ್ತೆರಡನೇ ವಯಸ್ಸಿಗೆ ಮೊದಲ ಕಪ್ಪು ಗೆದ್ದು ಬಂದಾಗ ಯಾರೋ, ಮನೆಯಲ್ಲಿ ಗೋಡೆಗೆ ಹೊಡೆದು ಅಭ್ಯಾಸ ಮಾಡ್ತೀರಾ ಎಂದು ಕೇಳಿದರಂತೆ. ಅಕ್ಕ ನಗುತ್ತಾ ತಂಗಿಯ ಹೆಗಲ ಮೇಲೆ ಕೈ ಹಾಕಿ, ನಮ್ಮನೆ ಗೋಡೆ ಇದೇ ನೋಡಿ ಎಂದಳು. ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ನಕ್ಕಿದ್ದೇ ತಪ್ಪಾಯಿತು, ಹೆಸರು ಅಲ್ಲೇ ಅಂಟಿಕೊಂಡಿತು.

ಇಬ್ಬರೂ ಆಟ ಕಲಿತದ್ದು ಅಪ್ಪನ ಬೈಂಡಿಂಗ್ ಮೇಜಿನ ಮೇಲೆ. ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಗೋಡೆಯುದ್ದಕ್ಕೂ ಹಲಗೆ ಮೇಜು, ಮೂಲೆಯಲ್ಲಿ ತಿರುಪು ಹಾಕುವ ಕಬ್ಬಿಣದ ಒತ್ತು ಯಂತ್ರ. ಅಪ್ಪ ಊಟಕ್ಕೆ ಎದ್ದ ತಕ್ಷಣ ಹುಡುಗಿಯರು ಒಣಗಲು ಇಟ್ಟ ಪುಸ್ತಕಗಳನ್ನು ಬೆನ್ನು ಮೇಲೆ ಮಾಡಿ ಮೇಜಿನ ನಡುವೆ ಅಡ್ಡ ಸಾಲು ನಿಲ್ಲಿಸುತ್ತಿದ್ದರು. ಅದೇ ನೆಟ್. ಚೆಂಡು ಹಸಿ ಬೆನ್ನಿಗೆ ತಗುಲಿದರೆ ಅಂಟಿನಲ್ಲಿ ಸಣ್ಣ ಗುಂಡಿ ಬೀಳುತ್ತಿತ್ತು. ಈಗಲೂ ಯಾವುದಾದರೂ ಹಳೆಯ ಲೈಬ್ರರಿಯಲ್ಲಿ ಬೆನ್ನ ಮೇಲೆ ಅಂಥ ಗುಂಡಿ ಇರುವ ಪುಸ್ತಕ ಸಿಕ್ಕರೆ ಅದು ಇವರ ಆಟದ್ದೇ.

ಅಪ್ಪ ಸಿಟ್ಟಿನ ಮನುಷ್ಯನಲ್ಲ, ಕಿರಿಕಿರಿಯ ಮನುಷ್ಯ. ಅವನ ಕಿರಿಕಿರಿಯೆಲ್ಲ ಒತ್ತಿನ ಬಗ್ಗೆ. ಹೊಲಿದು ಅಂಟು ಹಾಕಿದ ಪುಸ್ತಕ ಒಂದು ಹಗಲು ಒಂದು ರಾತ್ರಿ ಒತ್ತಿನಲ್ಲಿ ಮಲಗಬೇಕು, ಆತುರಪಟ್ಟು ತೆಗೆದರೆ ಬೆನ್ನು ಬಿರಿಯುತ್ತದೆ, ಮಲಗಿದ್ದಾಗಲೇ ಅದು ಪುಸ್ತಕ ಆಗುವುದು ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಗೋಡೆಗೆ ಒಂಬತ್ತು ವರ್ಷವಿದ್ದಾಗ ಒಂದು ಎಡವಟ್ಟು ಮಾಡಿದಳು. ಕೆಂಪು ಕ್ಯಾಲಿಕೊ ಬಟ್ಟೆ ಹೊದಿಸಿದ ಒಂದು ಪುಸ್ತಕವನ್ನೂ ಬಿಳಿ ಬಟ್ಟೆಯ ಇನ್ನೊಂದನ್ನೂ ಒಂದರ ಮೇಲೊಂದು ಇಟ್ಟು ತಿರುಪು ಬಿಗಿದಳು. ಮರುದಿನ ತೆಗೆದರೆ ಬಿಳಿ ಪುಸ್ತಕದ ಮೈತುಂಬ ಕೆಂಪು. ಉಜ್ಜಿದರೂ ಹೋಗಲಿಲ್ಲ. ಅಪ್ಪ ಹೊಡೆಯಲಿಲ್ಲ. ಎರಡನ್ನೂ ಅವಳ ಮಡಿಲಲ್ಲಿ ಇಟ್ಟು, ಕೆಂಪಿನದೂ ತಪ್ಪಿಲ್ಲ, ಬಿಳಿಯದೂ ತಪ್ಪಿಲ್ಲ, ಎರಡನ್ನೂ ಜೊತೆಗೆ ಮಲಗಿಸಿದ ಮೇಲೆ ನಡುವೆ ಒಂದು ಹಾಳೆ ಇಡಬೇಕಾಗಿತ್ತು ಎಂದ. ಅವತ್ತಿನಿಂದ ಅವಳು ಒಂದು ಸಲವೂ ಹಾಳೆ ಮರೆತಿರಲಿಲ್ಲ. ಮೂವತ್ತೆಂಟು ವರ್ಷದ ಲೆಕ್ಕ ಅದು, ಸಣ್ಣದೇನಲ್ಲ.

ಅಕ್ಕನ ಆಟ ಬೆಳೆಯಿತು. ಕ್ಲಬ್ಬಿನವರು ಹಳೆಯ ಟೇಬಲೊಂದನ್ನು ಕೊಟ್ಟರು. ಎರಡು ಅರ್ಧಗಳ, ಚಕ್ರವಿರುವ ಹಸಿರು ಟೇಬಲ್. ಅಪ್ಪ ಹೋದ ಮೇಲೆ ಹಲಗೆ ಮೇಜು ಇದ್ದ ಜಾಗದಲ್ಲಿ ಅದು ಬಂದು ನಿಂತಿತು. ಅಕ್ಕ ತಂಗಿ ಇಬ್ಬರಿಗೂ ದಾಖಲೆ ಕಚೇರಿಯಲ್ಲೇ ಕೆಲಸವಾಯಿತು, ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ, ಸಂಜೆ ಐದೂವರೆಗೆ ಮನೆಗೆ ಬಂದರೆ ಏಳರ ತನಕ ಆಟ. ಅಕ್ಕ ಹೊಡೆಯುವವಳು, ತಂಗಿ ತಿರುಗಿಸಿ ಕೊಡುವವಳು. ಸರ್ವ್ ಮಾಡುವ ಮುಂಚೆ ಬ್ಯಾಟಿನ ಹಿಡಿಯಿಂದ ಟೇಬಲಿನ ಅಂಚಿಗೆ ಎರಡು ಸಲ ಕುಟ್ಟುವುದು ಅಕ್ಕನ ರೂಢಿ. ಅಕ್ಕನ ಬ್ಯಾಕ್‌ಹ್ಯಾಂಡ್ ನೋಡಲು ಪಕ್ಕದ ಬೀದಿಯವರು ಕಿಟಕಿಯಲ್ಲಿ ನಿಲ್ಲುತ್ತಿದ್ದರು. ಮೊಣಕೈ ಮುಂದೆ ಬಂದು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಬೀಗ ತೆಗೆದ ಹಾಗೆ ತಿರುಗಿ, ಟಿಕ್ ಎಂಬ ಒಣ ಸದ್ದು. ಚೆಂಡು ನೆಟ್ ದಾಟಿದ ಮೇಲೆ ಯಾರೋ ಕೆಳಗಿನಿಂದ ಎಳೆದ ಹಾಗೆ ಕುಸಿಯುತ್ತಿತ್ತು. ಒಳಕೋಣೆಯಲ್ಲಿ ಕಾಗದ ಮಡಿಚುತ್ತಾ ಕೂತ ಅಮ್ಮ ಕೂತಲ್ಲಿಂದಲೇ, ದೊಡ್ಡೋಳೇ, ಚೆನ್ನಾಗಿ ಬಿತ್ತು ಎನ್ನುತ್ತಿದ್ದಳು. ನೋಡದೆಯೇ ಹೇಳುತ್ತಿದ್ದಳು. ಸದ್ದಿನಲ್ಲೇ ಅವಳಿಗೆ ಗೊತ್ತಾಗುತ್ತಿತ್ತು.

ತಂಗಿಗೆ ಮಾತ್ರ ಆ ಮಾತು ಒಂದು ದಿನವೂ ಬರಲಿಲ್ಲ. ಬರಲು ಅವಳು ಹೊಡೆಯಬೇಕಲ್ಲ. ಬಂದ ಚೆಂಡಿಗೆ ಬ್ಯಾಟು ಅಡ್ಡ ಹಿಡಿದರೆ ಟಪ್ ಎಂದು ಹೋಗುತ್ತಿತ್ತು, ಅಷ್ಟೆ. ಇಪ್ಪತ್ತೈದು ವರ್ಷ ಟಪ್, ಟಪ್, ಟಪ್. ಆಟ ಮುಗಿದ ಮೇಲೆ ಅಕ್ಕ ಅದೇ ಕೋಣೆಯ ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿ, ಬಲಗೈಯನ್ನು ತಾನೇ ಹೊಲಿದ ಅಂಗೈಯಗಲದ ಹತ್ತಿ ದಿಂಬಿನ ಮೇಲೆ ಇಟ್ಟು ಕಣ್ಣು ಮುಚ್ಚುತ್ತಿದ್ದಳು. ತಂಗಿ ಚೆಂಡು ಹೆಕ್ಕಿ, ಅಮ್ಮನಿಗೆ ಅನ್ನ ಬಡಿಸಿ, ಉಳಿದಿದ್ದ ಪುಸ್ತಕದ ಹೊಲಿಗೆಗೆ ಕೂರುತ್ತಿದ್ದಳು. ಆ ಕೈಗೆ ಬಿಡುವು ಎಂದರೆ ಏನೆಂದೇ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅಕ್ಕ ಹನ್ನೊಂದು ದಿನದ ಜ್ವರದಲ್ಲಿ ಹೋಗಿಬಿಟ್ಟಳು. ಅದೇ ವರ್ಷ ಅಮ್ಮನ ಕಣ್ಣೂ ಪೂರ್ತಿ ಹೋಯಿತು. ಆಡಲು ಜೊತೆಯಿಲ್ಲದ್ದರಿಂದ ಗೋಡೆ ಟೇಬಲಿನ ಒಂದು ಅರ್ಧವನ್ನು ಮೇಲೆತ್ತಿ ನೆಟ್ಟಗೆ ನಿಲ್ಲಿಸಿ ಕೊಂಡಿ ಹಾಕಿದಳು. ಹಾಗೆ ನಿಲ್ಲಿಸಿದರೆ ಒಬ್ಬರೇ ಆಡಬಹುದು, ಹೊಡೆದ ಚೆಂಡು ಅದಕ್ಕೆ ಬಡಿದು ವಾಪಸು ಬರುತ್ತದೆ. ಆದರೆ ಅವಳು ಆಡಲಿಲ್ಲ. ಅದರ ಮೇಲೆ ಒಗೆದ ಸೀರೆ ಒಣಹಾಕುತ್ತಿದ್ದಳು.

ಅವಳ ಮಣಿಕಟ್ಟು ಊದಿಕೊಂಡದ್ದು ಈ ವರ್ಷ. ದಬ್ಬಳ ಹಿಡಿದರೆ ಮೊಣಕೈವರೆಗೆ ಚಳುಕು. ಡಾಕ್ಟರು ಒತ್ತಿ ನೋಡಿ, ಈ ಕೈಗೆ ಎಷ್ಟು ವರ್ಷದಿಂದ ರಜೆ ಕೊಟ್ಟಿಲ್ಲ ಎಂದು ಕೇಳಿದರು. ಅವಳು ಯೋಚಿಸಿದಳು, ಲೆಕ್ಕ ಸಿಗಲಿಲ್ಲ. ಎರಡು ವಾರ ಕೈ ಕೆಲಸವನ್ನೇ ಮುಟ್ಟಬಾರದು, ಆಮೇಲೆ ನಾಲ್ಕು ವಾರ ಅರ್ಧ ದಿನದ ಕೆಲಸ, ಅದೂ ಸೂಜಿದಾರ ಬಿಟ್ಟು ಎಂದು ಚೀಟಿ ಬರೆದುಕೊಟ್ಟರು. ನೋವಾಗದಷ್ಟು ಹಗುರವಾಗಿ ಕೈ ಆಡಿಸಿದರೆ ಒಳ್ಳೆಯದೇ ಎಂದೂ ಹೇಳಿದರು.

ಕೆಲಸವಿಲ್ಲದ ಮಧ್ಯಾಹ್ನಗಳು ಅವಳನ್ನು ಕ್ಲಬ್ಬಿನ ಹಾಲ್‌ಗೆ ಎಳೆದವು. ಅಲ್ಲಿ ಮೇಷ್ಟ್ರಿದ್ದರು. ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು, ಅಕ್ಕನಿಗೆ ಆಟ ಕಲಿಸಿದವರು ಅವರೇ. ಗೋಡೆ ಮುಜುಗರ ಪಡುತ್ತಾ, ಈ ವಯಸ್ಸಿಗೆ ಒಂದಾದರೂ ಹೊಡೆತ ಕಲಿಯಬಹುದಾ ಎಂದು ಕೇಳಿದಳು. ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ಹೇಳಲು ನಾಚಿಕೆಯಾಗುವಂಥ ಆಸೆ ಅದು: ನಲವತ್ತೇಳು ವರ್ಷದ ಹೆಂಗಸಿಗೆ, ಒಂದೇ ಒಂದು ಸಲ ಒಳಕೋಣೆಯಿಂದ ಅಮ್ಮ, ಪುಟ್ಟಿ, ಚೆನ್ನಾಗಿ ಬಿತ್ತು ಎನ್ನಬೇಕು. ಅಮ್ಮನಿಗೆ ಎಂಬತ್ತು ದಾಟಿತ್ತು. ಮುಂದಕ್ಕೆ ಹಾಕುವಂತಿರಲಿಲ್ಲ.

ಮೇಷ್ಟ್ರು ಅವಳ ಬ್ಯಾಟಿನ ಹಿಡಿತ ನೋಡಿದರು, ಬೆರಳುಗಳನ್ನು ಒಂದೊಂದಾಗಿ ಸಡಿಲಿಸಿದರು. ಅವರ ಪಾಠ ಚಿಕ್ಕದು.

"ಇಪ್ಪತ್ತು ನಿಮಿಷ ಹೊಡಿ. ಒಂದೇ ಹೊಡೆತ, ನಿಧಾನಕ್ಕೆ, ಬಲ ಹಾಕದೆ. ಸುಸ್ತಾಗೋಕೆ ಮುಂಚೆ ಬ್ಯಾಟು ಕೆಳಗಿಟ್ಟು ಮಲಗು. ಮಾರನೇ ದಿನ ಮುಟ್ಟಬೇಡ. ಹೊಡೆಯುವಾಗ ಕೈ ಕೇಳಿಸಿಕೊಳ್ಳುತ್ತೆ ಅಷ್ಟೆ. ಕಲಿಯೋದು ಮಲಗಿದಾಗ."

ನಮ್ಮಪ್ಪನೂ ಪುಸ್ತಕಕ್ಕೆ ಇದನ್ನೇ ಹೇಳುತ್ತಿದ್ದ ಎಂದಳು ಅವಳು. ನಿಮ್ಮಪ್ಪ ಬುದ್ಧಿವಂತ, ನೀನೇ ಕೇಳಲಿಲ್ಲ ಎಂದರು ಮೇಷ್ಟ್ರು. ಇಷ್ಟು ವರ್ಷ ಆಡಿಯೂ ಹೊಡೆತ ಕೈಗೆ ಹತ್ತದ್ದು ಯಾಕೆಂದು ಅವಳಿಗೆ ಆಗ ಹೊಳೆಯಿತು. ಅಕ್ಕ ಮಲಗುತ್ತಿದ್ದಳು. ಇವಳು ಟೇಬಲ್ ಬಿಟ್ಟು ನೇರ ಹೊಲಿಗೆಗೆ ಕೂರುತ್ತಿದ್ದಳು. ಒತ್ತಿನಿಂದ ಹಸಿಹಸಿಯಾಗಿ ತೆಗೆದ ಪುಸ್ತಕದ ಗತಿಯೇ ಕೈಗೂ ಆಗಿತ್ತು.

ಮನೆಗೆ ಬಂದು ನಿಂತ ಅರ್ಧದ ಮೇಲಿನ ಸೀರೆ ತೆಗೆದಳು. ದಿನ ಬಿಟ್ಟು ದಿನ, ಮಧ್ಯಾಹ್ನ ಎರಡೂವರೆಗೆ, ಇಪ್ಪತ್ತು ನಿಮಿಷ. ಮೊದಲ ವಾರ ಚೆಂಡು ಕೋಣೆಯ ನಾಲ್ಕು ಮೂಲೆಯನ್ನೂ ನೋಡಿ ಬಂತು, ಅಡುಗೆಮನೆಯ ಹಾಲಿನ ಪಾತ್ರೆಯನ್ನೂ ನೋಡಿ ಬಂತು. ಮೊಣಕೈ ಮುಂದೆ ಬಂದರೆ ಮಣಿಕಟ್ಟು ಮರೆಯುತ್ತಿತ್ತು, ಮಣಿಕಟ್ಟು ತಿರುಗಿದರೆ ಕಾಲು ಮರೆಯುತ್ತಿತ್ತು. ಆದರೂ ಗಡಿಯಾರ ನೋಡಿ ಸರಿಯಾಗಿ ನಿಲ್ಲಿಸಿ, ಅಲ್ಲೇ ಕಿಟಕಿ ಪಕ್ಕದ ಮಂಚದ ಮೇಲೆ ಒರಗುತ್ತಿದ್ದಳು. ಅಕ್ಕ ಹೋದ ಮೇಲೆ ಆ ಮಂಚದ ಮೇಲೆ ಯಾರೂ ಮಲಗಿರಲಿಲ್ಲ. ಹತ್ತಿ ದಿಂಬು ಇನ್ನೂ ಅಲ್ಲೇ ಇತ್ತು, ನಡುವೆ ಕೈ ಇಟ್ಟು ಇಟ್ಟು ಆದ ತಗ್ಗಿನ ಸಮೇತ. ಅವಳ ಕೈ ಆ ತಗ್ಗಿನಲ್ಲಿ ಸರಿಯಾಗಿ ಕೂತಿತು. ಎಂಥ ನಿದ್ದೆ ಬರುತ್ತಿತ್ತೆಂದರೆ, ಎದ್ದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿ ಹೋಗಿರುತ್ತಿತ್ತು, ಬಲಗೈ ಮಾತ್ರ ತನ್ನದಲ್ಲವೇನೋ ಎಂಬಷ್ಟು ಭಾರವಾಗಿ ದಿಂಬಿನ ಮೇಲೆ ಬಿದ್ದಿರುತ್ತಿತ್ತು.

ಮೂರನೇ ವಾರ ಕೈ ಕುದುರಿತು. ಅದೂ ಹೇಗೆ, ಒಂದು ಮಧ್ಯಾಹ್ನ ಎದ್ದು ಬ್ಯಾಟು ಹಿಡಿದರೆ ಹಿಂದಿನ ಸಲ ಬಾರದಿದ್ದದ್ದೆಲ್ಲ ಬಂತು. ಮೊಣಕೈ, ಮಣಿಕಟ್ಟು, ಕಾಲು ಮೂರೂ ಒಂದೇ ಉಸಿರಿಗೆ. ಟಿಕ್. ಚೆಂಡು ನಿಂತ ಅರ್ಧಕ್ಕೆ ಬಡಿದು ಬಂದು ಅವಳ ಹೊಟ್ಟೆಗೆ ತಗುಲಿತು, ಅವಳು ಕೂತು ನಕ್ಕಳು. ಹಿಗ್ಗಿನಲ್ಲಿ ಒಳಗೆ ಕಿವಿಗೊಟ್ಟಳು. ಅಮ್ಮ ಕಾಗದ ಮಡಿಚುವ ಸರಸರ ನಿಂತಿತ್ತು. ಅಮ್ಮ ಏನೂ ಅನ್ನಲಿಲ್ಲ. ಇನ್ನೂ ಸಾಲದೇನೋ ಎಂದುಕೊಂಡು ಗೋಡೆ ಮತ್ತೆ ಹೊಡೆದಳು.

ಆರನೇ ವಾರ ಮೇಷ್ಟ್ರ ಮುಂದೆ ಹೊಡೆದು ತೋರಿಸಿದಳು. ಅವರು ಆಚೆ ತುದಿಯಿಂದ ಚೆಂಡು ಕೊಟ್ಟರು. ಹತ್ತು ಚೆಂಡಿನ ತನಕ, ಕೈ ಪಳಗಿದೆ, ಪಳಗಿದೆ ಎನ್ನುತ್ತಿದ್ದರು. ಆಮೇಲೆ ಅವಳ ಕೈಯನ್ನೇ ನೋಡತೊಡಗಿದರು. ಸರ್ವ್ ಮಾಡು ಎಂದರು. ಅವಳು ಬ್ಯಾಟಿನ ಹಿಡಿಯಿಂದ ಟೇಬಲಿನ ಅಂಚಿಗೆ ಎರಡು ಸಲ ಕುಟ್ಟಿ ಸರ್ವ್ ಮಾಡಿದಳು. ಕುಟ್ಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಮೇಷ್ಟ್ರು ಚೆಂಡನ್ನು ಬಿಟ್ಟುಬಿಟ್ಟು ಹತ್ತಿರ ಬಂದು ಅವಳ ಕೈ ಹಿಡಿದು ನೋಡಿದರು. ಹೆಬ್ಬೆರಳು ಹಿಡಿಯ ಮೇಲಿರಬೇಕಾದದ್ದು ರಬ್ಬರಿನ ಮೇಲೆ ಹತ್ತಿ ಕೂತಿತ್ತು.

"ಇದನ್ನ ನಾನು ಹೇಳಿಕೊಟ್ಟಿಲ್ಲ," ಎಂದರು. ಅವರ ದನಿ ಸಣ್ಣದಾಗಿತ್ತು. "ಈ ಹೆಬ್ಬೆರಳನ್ನ ಕೆಳಗಿಳಿಸು ಅಂತ ನಿನ್ನ ಅಕ್ಕನಿಗೆ ಹದಿನೈದು ವರ್ಷ ಬಡಕೊಂಡಿದ್ದೀನಿ. ಅವಳ ಹೊಡೆತ ನೀನು ನೋಡಿ ಕಲಿತಿರಬಹುದು. ಈ ತಪ್ಪು ಎದುರಿಗೆ ನಿಂತವರಿಗೆ ಕಾಣಲ್ಲ. ಅಂಗೈ ಒಳಗಿನಿಂದ ಮಾತ್ರ ಗೊತ್ತಾಗುತ್ತೆ."

ಅವಳು ಹೆಬ್ಬೆರಳನ್ನು ಕೆಳಗಿಳಿಸಿದಳು. ಅದು ಒಂದು ಗಳಿಗೆ ಅಲ್ಲಿದ್ದು, ಅವಳು ನೋಡುತ್ತಿದ್ದ ಹಾಗೆ ಮೆಲ್ಲಗೆ ಮೇಲಕ್ಕೆ ಹತ್ತಿತು. ಇಬ್ಬರೂ ನೋಡಿದರು. ಮೇಷ್ಟ್ರು ಅವತ್ತು ಬೇಗ ಹಾಲ್‌ಗೆ ಬೀಗ ಹಾಕಿದರು.

ದಾರಿಯುದ್ದಕ್ಕೂ ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದಳು. ಕೈ ಪಳಗಿದೆ ಎಂಬ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ನಾಯಿ ಪಳಗಿತು ಎಂದರೆ ಯಾರಿಗೋ ಪಳಗಿತು ಎಂದು ತಾನೇ. ಕುದುರೆಯೂ ಹಾಗೆಯೇ. ಹಾಗಾದರೆ ಈ ಕೈ ಯಾರಿಗೆ ಪಳಗಿದೆ? ಛೆ, ಹುಚ್ಚು ಯೋಚನೆ ಎಂದು ತಲೆ ಕೊಡವಿಕೊಂಡಳು. ಆದರೂ ಮನೆಯ ಬೀಗ ತೆಗೆಯುವಾಗ ಎಡಗೈ ಬಳಸಿದಳು.

ಮರುವಾರ ಪೂರ್ತಿ ಕೆಲಸಕ್ಕೆ ಹಾಜರಾದಳು. ಅವಳ ಪಕ್ಕದ ಮೇಜಿನಲ್ಲಿ ಅಂಟು ಕಲಸುವವನಿದ್ದ. ಬೆರಳಿಗೆ ಸದಾ ಅಂಟಿರುತ್ತಿದ್ದರಿಂದ ಗೋಂದು ಎಂದು ಅವನ ಹೆಸರು, ಮೊಮ್ಮಕ್ಕಳಿರುವ ಮನುಷ್ಯ. ಅವಳು ಹೊಲಿದುಕೊಟ್ಟ ರಿಜಿಸ್ಟರನ್ನು ಬೆನ್ನಿಗೆ ಅಂಟು ಬಳಿಯಲು ತಿರುಗಿಸಿದವನು ಹಾಗೇ ಹಿಡಿದುಕೊಂಡು ನಿಂತ. ಫಾರಂಗಳ, ಅಂದರೆ ಮಡಿಚಿದ ಹಾಳೆಯ ಕಟ್ಟುಗಳ, ಕೊನೆಯಲ್ಲಿ ದಾರಕ್ಕೆ ಗಂಟು ಹಾಕುತ್ತಾರಲ್ಲ, ಗೋಡೆಯ ಗಂಟು ಯಾವಾಗಲೂ ಬಲಕ್ಕೆ ಕೂರುತ್ತಿತ್ತು. ಇದು ಎಡಕ್ಕೆ ಕೂತಿತ್ತು. ಹನ್ನೆರಡು ಗಂಟೂ ಎಡಕ್ಕೆ. ಏನು ಮೇಡಂ, ಕೈ ಬದಲಾಯಿಸಿದ್ರಾ ಎಂದು ಅವನು ನಗೆಯಾಡಿದ. ಅವಳು ಎದ್ದು ಉಗ್ರಾಣಕ್ಕೆ ಹೋಗಿ ಮೂರನೇ ಕಪಾಟಿನಿಂದ ಹತ್ತು ವರ್ಷ ಹಳೆಯ ರಿಜಿಸ್ಟರೊಂದನ್ನು ತಂದಳು. ಅಕ್ಕ ಹೊಲಿದದ್ದು. ಬೆನ್ನಿನ ಬಟ್ಟೆ ಕಿತ್ತು ಹೋಗಿ ದಾರ ಕಾಣುತ್ತಿತ್ತು, ಗಂಟೆಲ್ಲ ಎಡಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟಳು. ಗೋಂದು ನಗು ನಿಲ್ಲಿಸಿದ. ಅಂಟಿನ ಬ್ರಷ್ಷು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಹೆದರಿದ್ದು ಗಂಟು ನೋಡಿ ಅಲ್ಲ, ಅವನು ಹಿಂದೆ ಸರಿದದ್ದು ನೋಡಿ. ಹದಿನೆಂಟು ವರ್ಷ ಪಕ್ಕದಲ್ಲಿ ಕೂತವನು ಅವನು.

ಆ ಭಾನುವಾರ ಮಧ್ಯಾಹ್ನ ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ. ಬಿಸಿಲು ಹಸಿರು ಟೇಬಲಿನ ಮೇಲೆ ಚಪ್ಪಟೆಯಾಗಿ ಬಿದ್ದಿತ್ತು. ಆಡುವುದೇ ಬೇಡ ಎಂದು ಅವಳು ನಿರ್ಧರಿಸಿದ್ದಳು. ಎರಡೂವರೆಗೆ ನೋಡಿದರೆ ಬ್ಯಾಟು ಕೈಯಲ್ಲಿತ್ತು. ಸರಿ, ಒಂದೇ ಒಂದು ಎಂದುಕೊಂಡಳು. ಅಂಚಿಗೆ ಎರಡು ಕುಟ್ಟು. ಟಿಕ್.

"ದೊಡ್ಡೋಳೇ, ಚೆನ್ನಾಗಿ ಬಿತ್ತು," ಎಂದಳು ಅಮ್ಮ ಒಳಗಿನಿಂದ.

ಚೆಂಡು ವಾಪಸು ಬಂದು, ಟೇಬಲಿನಿಂದ ಉರುಳಿ, ನೆಲದ ಮೇಲೆ ಪುಟಿಯುತ್ತಾ ಮೂಲೆ ಸೇರಿತು. ಅಮ್ಮನಿಗೆ ಅರುಳುಮರುಳಾಗಿರಲಿಲ್ಲ. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಮಗಳಿಗೇ ನೆನಪಿಸುವವಳು. ದೊಡ್ಡ ಮಗಳ ತಣ್ಣನೆಯ ಕಾಲನ್ನು ತಾನೇ ಮುಟ್ಟಿ ನೋಡಿದವಳು. ಅಮ್ಮ ಸುಣ್ಣದ ಗೋಡೆ ತಡವಿಕೊಂಡು ಬಂದು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಳು. ಮುಖದಲ್ಲಿ ಹೆದರಿಕೆಯಿರಲಿಲ್ಲ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಲು ಬಂದವಳ ಹಾಗಿದ್ದಳು.

"ನೀನು ಬಂದು ಒಂದು ತಿಂಗಳ ಮೇಲಾಯ್ತು, ನನಗೆ ಗೊತ್ತು. ನೀನು ಹೋಗಿದ್ದೂ ಗೊತ್ತು. ಬಂದಿದ್ದಕ್ಕೆ ಬೇಡ ಅನ್ನಲ್ಲ, ಹೆತ್ತವಳು ಹೇಗೆ ಅಂತೀನಿ. ಆದರೆ ಪುಟ್ಟಿ ಸದ್ದು ಕೇಳ್ತಾ ಇಲ್ಲ. ಅವಳನ್ನ ಎಲ್ಲಿಟ್ಟೆ?"

ಗೋಡೆ ಅಮ್ಮನ ಕಡೆ ತಿರುಗಿದಳು. ನಾನೇ ಅಮ್ಮ, ಪುಟ್ಟಿ, ಇಲ್ಲೇ ಇದ್ದೀನಿ ಎಂದಳು. ಅಮ್ಮ ತಲೆಯಲ್ಲಾಡಿಸಿದಳು.

"ಮಾತು ಯಾರು ಬೇಕಾದರೂ ಆಡಬಹುದು. ಅವಳ ಹಾಗೆ ಚೆಂಡು ಮುಟ್ಟೋಕೆ ನಿನಗೆ ಆವತ್ತೂ ಬರ್ತಿರಲಿಲ್ಲ. ಅಷ್ಟು ವರ್ಷ ಒಳಗೆ ಕೂತು ನಾನು ಕೇಳ್ತಿದ್ದದ್ದು ಅವಳ ಸದ್ದನ್ನೇ. ನಿನ್ನದು ಯಾವಾಗಲೋ ಒಂದು ಬೀಳೋದು, ಬಿದ್ದಾಗ ಹೊಗಳ್ತಿದ್ದೆ. ಅವಳದು ನಿಲ್ತಾನೇ ಇರಲಿಲ್ಲ. ನಿಲ್ಲದೇ ಇರೋದನ್ನ ಹೊಗಳಬೇಕು ಅಂತ ಹೊಳೀಲಿಲ್ಲ ನನಗೆ."

ಇಪ್ಪತ್ತೈದು ವರ್ಷ ಕಾದ ಮಾತು ಬಂದಿತ್ತು, ಆದರೆ ಅವಳಿಗಲ್ಲ, ಅವಳ ಕೈಯಲ್ಲಿ ಕೂತವಳಿಗೆ. ಗೋಡೆಗೆ ಅಳು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು. ತಾನು ಯಾರೆಂದು ಅಮ್ಮನಿಗೆ ತೋರಿಸಲು ಇನ್ನು ಒಂದೇ ದಾರಿ. ಮೂಲೆಯಿಂದ ಚೆಂಡು ತಂದು, ಎಡಗೈಯಿಂದ ನಿಂತ ಅರ್ಧದ ಕಡೆಗೆ ಎಸೆದಳು. ವಾಪಸು ಬಂದಾಗ ಹಿಂದಿನ ಹಾಗೆ ಬ್ಯಾಟು ಅಡ್ಡ ಹಿಡಿದರಾಯಿತು. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ ಅದು. ಚೆಂಡು ಬಂತು. ಮಣಿಕಟ್ಟು ತಾನಾಗಿ ತಿರುಗಿತು. ಟಿಕ್.

ಮತ್ತೆ ಎಸೆದಳು. ಟಿಕ್. ಮತ್ತೆ. ಟಿಕ್. ಕೈ ಅವಳ ಮಾತು ಕೇಳುತ್ತಿರಲಿಲ್ಲ. ಅಮ್ಮ ಸ್ಟೂಲಿನ ಮೇಲೆ ಕುತ್ತಿಗೆ ಮುಂದೆ ಚಾಚಿ, ಬಾರದ ಸದ್ದಿಗೆ ಕಾಯುತ್ತಿದ್ದಳು. ಈ ಮನೆಯಲ್ಲಿ ತಾನೆನ್ನುವುದು ಇದ್ದದ್ದು ಆ ಒಂದು ಟಪ್‌ನಲ್ಲಿ, ಅದನ್ನೇ ಕಳೆದುಕೊಂಡೆ ಎಂದು ಗೋಡೆಗೆ ಅನ್ನಿಸಿತು.

ಆಗ ಮೇಷ್ಟ್ರ ಪಾಠವನ್ನು ತಲೆಕೆಳಗು ಮಾಡಿದಳು. ಮಲಗಿದಾಗ ಕಲಿತದ್ದು ಮಲಗದೇ ಇದ್ದರೆ ಮರೆಯಬೇಕಲ್ಲ. ಗಡಿಯಾರ ನೋಡಲಿಲ್ಲ, ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷ ದಾಟಿತು, ಒಂದು ಗಂಟೆ ದಾಟಿತು. ಹಳೆಯ ಚಳುಕು ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಭುಜಕ್ಕೆ ಹತ್ತಿತು. ರವಿಕೆ ಬೆವರಿನಲ್ಲಿ ತೊಯ್ದುಹೋಯಿತು. ಮೊದಲು ಕಾಲು ತಪ್ಪಿತು, ಆಮೇಲೆ ಮೊಣಕೈ ಹಿಂದೆ ಉಳಿಯಿತು. ಹೆಬ್ಬೆರಳು ರಬ್ಬರಿನಿಂದ ಜಾರಿತು, ಹತ್ತಿತು, ಜಾರಿತು, ಮತ್ತೆ ಹತ್ತಲಿಲ್ಲ. ಕೊನೆಗೆ ತೋಳಿನಲ್ಲಿ ಯಾರಿಗೂ ಉಪಯೋಗಕ್ಕೆ ಬರುವಂಥದ್ದು ಏನೂ ಉಳಿಯಲಿಲ್ಲ. ಬ್ಯಾಟು ಎತ್ತುವುದಷ್ಟೇ ಆಯಿತು, ತಿರುಗಿಸಲು ಆಗಲಿಲ್ಲ. ಚೆಂಡು ಬಂದು ಅದಕ್ಕೆ ತಗುಲಿತು.

ಟಪ್.

"ಹಾಂ," ಎಂದಳು ಅಮ್ಮ. "ಪುಟ್ಟಿ. ಬಂದೆಯಾ ತಾಯಿ."

ಚೆಂಡು ಆಗಲೇ ನಿಂತ ಅರ್ಧವನ್ನು ತಲುಪಿತ್ತು. ಮರದ ಹಲಗೆಗೆ ಚೆಂಡು ಬಡಿದರೆ ಬೊಟ್ ಎಂಬ ಮೊಂಡು ಸದ್ದು ಬರಬೇಕು, ಇಷ್ಟು ವಾರ ಅದೇ ಬರುತ್ತಿತ್ತು. ಈಗ ಬಂದದ್ದು ಟಿಕ್. ಚೆಂಡು ಹಲಗೆ ಬಿಟ್ಟು ಎತ್ತರಕ್ಕೆ ಬಂದು, ಅರ್ಧ ದಾರಿಯಲ್ಲಿ ಯಾರೋ ಕೆಳಗಿನಿಂದ ಎಳೆದ ಹಾಗೆ ಕುಸಿಯಿತು. ಇಪ್ಪತ್ತೈದು ವರ್ಷ ಆ ಕುಸಿತಕ್ಕೆ ಬ್ಯಾಟು ಹಿಡಿದವಳಿಗೆ ಯೋಚಿಸಲು ಏನಿತ್ತು. ಬ್ಯಾಟು ತಗ್ಗಿಸಿ ಅಡ್ಡ ಹಿಡಿದಳು. ಟಪ್. ಹಲಗೆಯ ಕಡೆಯಿಂದ, ಟಿಕ್. ಟಪ್. ಟಿಕ್. ನಡುವೆ ಒಮ್ಮೆ ಅವಳು ಚೆಂಡು ಬಿಟ್ಟಳು. ಬಗ್ಗಿ ಹೆಕ್ಕಿ ಏಳುವಾಗ ಆಚೆಯ ಅಂಚಿನಲ್ಲಿ ಎರಡು ಸಲ ಕುಟ್ಟಿದ್ದು ಕೇಳಿಸಿತು. ಹಲಗೆಯ ಹಿಂದೆ ಒಂದು ಗೇಣು ಜಾಗ, ಅದರ ಹಿಂದೆ ಸುಣ್ಣದ ಗೋಡೆ. ಅಲ್ಲಿ ಮನುಷ್ಯರು ನಿಲ್ಲಲು ಸಾಧ್ಯವಿರಲಿಲ್ಲ.

ಅಮ್ಮ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತು ಕೇಳುತ್ತಿದ್ದಳು. ಮುಖ ಸಡಿಲವಾಗಿತ್ತು, ಕಣ್ಣಿದ್ದ ಕಾಲದಲ್ಲಿ ಇರುತ್ತಿದ್ದ ಹಾಗೆ. ಬಿಸಿಲು ಟೇಬಲ್ ಬಿಟ್ಟು ಗೋಡೆ ಹತ್ತಿದಾಗ ಎದ್ದು ನಿಂತಳು.

"ಸಾಕು ಕಣ್ರೇ. ಸ್ವಲ್ಪ ಹೊತ್ತು ಮಲಗಿ, ಇಬ್ಬರೂ."

ಹೇಳಿ, ಸುಣ್ಣದ ಗೋಡೆ ತಡವಿಕೊಂಡು ಒಳಗೆ ಹೋದಳು. ಕಾಗದದ ಸರಸರ ಮತ್ತೆ ಶುರುವಾಯಿತು.

ಚೆಂಡು ಟೇಬಲಿನ ಮೇಲೆ ಉರುಳಿ ನಿಂತಿತು. ಗೋಡೆ ಬ್ಯಾಟು ಕೆಳಗಿಟ್ಟು ಮಂಚದ ಕಡೆ ನೋಡಿದಳು. ಕಿಟಕಿಯ ಬದಿಗೆ ಹತ್ತಿ ದಿಂಬು, ದಿಂಬಿನ ನಡುವೆ ತಗ್ಗು. ಆರು ವಾರ ತಾನು ಎಲ್ಲಿ ಮಲಗಿದೆ, ಯಾವುದರ ಮೇಲೆ ಕೈ ಇಟ್ಟು ಮಲಗಿದೆ ಎಂಬುದು ಆಗ ಅವಳಿಗೆ ತಟ್ಟಿತು. ಮಡಿಲಿನಲ್ಲಿ ಅಪ್ಪ ಇಟ್ಟ ಎರಡು ಪುಸ್ತಕಗಳು ಕಣ್ಣ ಮುಂದೆ ಬಂದವು, ಕೆಂಪು ಇಳಿದ ಬಿಳಿ ಪುಸ್ತಕ. ಮೂವತ್ತೆಂಟು ವರ್ಷದಲ್ಲಿ ಒಂದು ಸಲವೂ ಹಾಳೆ ಮರೆಯದವಳು ಇಲ್ಲಿ ಮರೆತಿದ್ದಳು. ಕೆಂಪಿನದೂ ತಪ್ಪಿರಲಿಲ್ಲ. ಅಕ್ಕ ಬೇಕೆಂದು ಬಂದವಳಲ್ಲ, ಪಕ್ಕದಲ್ಲಿ ಮಲಗಿದ್ದಳು ಅಷ್ಟೆ.

ಮೂಲೆಯ ಒತ್ತು ಯಂತ್ರದ ಕೆಳಗಿನ ಗೂಡಿನಲ್ಲಿ ಅಪ್ಪನ ಕಾಲದ ದಪ್ಪ ಬಿಳಿ ಕಾಗದ ಇನ್ನೂ ಇತ್ತು, ಅಂಚು ಹಳದಿಯಾಗಿತ್ತು. ಅದರಲ್ಲಿ ಒಂದು ದೊಡ್ಡ ಹಾಳೆ ಎಳೆದಳು. ಬಲಗೈ ಮೇಲೇಳುತ್ತಿರಲಿಲ್ಲ, ಎಡಗೈಯಲ್ಲೇ ದೂಳು ಕೊಡವಿದಳು. ಮಂಚದ ನಡುವೆ, ತಲೆಯ ಕಡೆಯಿಂದ ಕಾಲಿನ ಕಡೆಗೆ, ಸುಕ್ಕಿಲ್ಲದ ಹಾಗೆ ಹಾಸಿ ನೇವರಿಸಿದಳು. ದಿಂಬನ್ನು ಕಿಟಕಿಯ ಬದಿಗೇ ಬಿಟ್ಟಳು. ತಾನು ಈಚೆ ಬದಿಯಲ್ಲಿ, ಚಿಕ್ಕವರಿದ್ದಾಗ ಮಲಗುತ್ತಿದ್ದ ಬದಿಯಲ್ಲಿ ಒರಗಿ, ಊದಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಮಂಚದ ಆಚೆ ಬದಿ ಕಿರ್ ಎಂದು ತಗ್ಗಿತು. ಹಾಳೆ ಸಣ್ಣಗೆ ಸದ್ದು ಮಾಡಿ ಸುಮ್ಮನಾಯಿತು. ಅವಳು ಆ ಕಡೆ ತಿರುಗಿ ನೋಡಲಿಲ್ಲ. ನಾಡಿದ್ದು ಎರಡೂವರೆಗೆ ಆಡೋಣ ಎಂದು ಹೇಳಿ ಕಣ್ಣು ಮುಚ್ಚಿದಳು.